ಮೈಸೂರೋ, ಹಂಪಿಯೋ, ಕೊಡಗೋ, ಕಡಲೋ? ಪುಟ್ಟ ಮಕ್ಕಳಿರುವ ಮನೆಗೆ ಪ್ರವಾಸದ ಲೆಕ್ಕಾಚಾರ

ಶಾಲೆಗೆ ರಜೆ ಬರಲು ಇನ್ನೆರಡು ತಿಂಗಳಿದೆ ಎನ್ನುವಾಗಲೇ ಮನೆಗಳಲ್ಲಿ ಈ ಚರ್ಚೆ ಶುರುವಾಗುತ್ತದೆ. ಅಪ್ಪನಿಗೆ ಹಂಪಿ ನೋಡಬೇಕು. ಅಮ್ಮನಿಗೆ ಎಲ್ಲಾದರೂ ತಣ್ಣಗಿರುವ ಕಡೆ ಎರಡು ದಿನ ಸುಮ್ನೆ ಕೂರಬೇಕು. ಅಜ್ಜಿಗೆ ಉಡುಪಿ ಕೃಷ್ಣನ ದರ್ಶನ. ಆರು ವರ್ಷದ ಮಗಳಿಗೆ ಆನೆ. ಎರಡೂವರೆ ವರ್ಷದ ಮಗನನ್ನು ಯಾರೂ ಕೇಳುವುದಿಲ್ಲ. ಆದರೆ ಪ್ರವಾಸ ಸುಖವಾಗಿರುತ್ತದೋ ಇಲ್ಲವೋ ಅಂತ ತೀರ್ಮಾನ ಮಾಡುವವನು ಅವನೇ.

ಬೆಂಗಳೂರಿನಿಂದ ಎರಡರಿಂದ ನಾಲ್ಕು ರಾತ್ರಿಗೆ ಹೊರಡುವವರು ಸಾಮಾನ್ಯವಾಗಿ ಈ ನಾಲ್ಕರ ನಡುವೆಯೇ ಹೊಯ್ದಾಡುತ್ತಾರೆ: ಮೈಸೂರು, ಹಂಪಿ, ಕೊಡಗು, ಉಡುಪಿ ಕಡೆಯ ಕರಾವಳಿ. ನಾಲ್ಕೂ ಚೆಂದವೇ. ಹಾಗಾಗಿ ‘ಯಾವುದು ಚೆನ್ನಾಗಿದೆ’ ಅಂತ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ‘ನಮ್ಮ ಮನೆಯ ಅತಿ ಚಿಕ್ಕ ಮಗುವಿಗೆ, ಈ ತಿಂಗಳಲ್ಲಿ, ನಮ್ಮ ಹತ್ತಿರ ಇರುವ ದುಡ್ಡಿಗೆ ಯಾವುದು ಹೊಂದುತ್ತದೆ’ ಅಂತ ಕೇಳಿದರೆ ಸಿಗುತ್ತದೆ.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು ಗಾಡಿಯಲ್ಲಿ ಕೂರುವ ಹೊತ್ತು. ಕಿಲೋಮೀಟರ್ ನೋಡಬೇಡಿ, ಗಂಟೆ ನೋಡಿ. ಮೊಬೈಲಿನ ಮ್ಯಾಪ್ ನಾಲ್ಕು ಗಂಟೆ ಅಂದರೆ ಮಕ್ಕಳಿರುವ ಕಾರಿಗೆ ಅದು ಐದೂವರೆ. ಒಬ್ಬರಿಗೆ ಸುಸ್ಸು ಅಂತ ನಿಲ್ಲಿಸಿ ಮತ್ತೆ ಹೊರಟ ಹತ್ತೇ ನಿಮಿಷಕ್ಕೆ ಇನ್ನೊಬ್ಬರಿಗೆ ಬರುತ್ತದೆ. ದಾರಿಯಲ್ಲಿ ತಿರುವುಗಳಿದ್ದರೆ ವಾಂತಿಯ ಲೆಕ್ಕವೂ ಸೇರುತ್ತದೆ. ನೇರ ರಸ್ತೆಯ ಆರು ಗಂಟೆಗಿಂತ ಘಟ್ಟದ ಎರಡು ಗಂಟೆ ಕಷ್ಟ.

ಎರಡನೆಯದು ಮಧ್ಯಾಹ್ನ. ಇದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಾಲ್ಕೈದು ವರ್ಷದೊಳಗಿನ ಮಗು ಊಟ ಮಾಡಿ ಒಂದು ನಿದ್ದೆ ತೆಗೆಯಬೇಕು. ನೋಡುವ ಜಾಗದಿಂದ ರೂಮಿಗೆ ಇಪ್ಪತ್ತು ನಿಮಿಷದ ದಾರಿಯಾದರೆ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಆರಾಮಾಗಿ ಮಾಡಬಹುದು. ರೂಮು ಒಂದು ಗಂಟೆ ದೂರ ಇದ್ದರೆ ಯಾರೂ ವಾಪಸ್ ಹೋಗುವುದಿಲ್ಲ. ನಾಲ್ಕು ಗಂಟೆ ಹೊತ್ತಿಗೆ ಮಗು ರಚ್ಚೆ ಹಿಡಿಯುತ್ತದೆ, ಐದಕ್ಕೆ ದೊಡ್ಡವರ ನಡುವೆ ಜಗಳ ಆಗುತ್ತದೆ.

ಮೂರನೆಯದು ಎತ್ತಿಕೊಳ್ಳುವ ಲೆಕ್ಕ. ಮೂರು ವರ್ಷದ ಕೂಸು ಹದಿಮೂರು ಹದಿನಾಲ್ಕು ಕಿಲೋ ತೂಗುತ್ತದೆ. ಮೆಟ್ಟಿಲು ಹತ್ತುವಾಗ ಅದನ್ನು ಯಾರು ಎತ್ತಿಕೊಳ್ಳುತ್ತಾರೆ? ಅಪ್ಪನ ಸೊಂಟ ಹೇಗಿದೆ? ತಳ್ಳುವ ಗಾಡಿ ನಮ್ಮ ಕಲ್ಲುಹಾಸಿನ ಮೇಲೆ, ಮರಳಿನ ಮೇಲೆ ಏನೇನೂ ನಡೆಯುವುದಿಲ್ಲ. ಬೆನ್ನಿಗೋ ಎದೆಗೋ ಕಟ್ಟಿಕೊಳ್ಳುವ ಬ್ಯಾಗ್ ಇದ್ದರೆ ಅದೇ ವಾಸಿ.

ಮಿಕ್ಕಿದ್ದು ನಿಮಗೇ ಗೊತ್ತು. ಮಗು ತಿನ್ನುವ ಊಟ ಸಿಗಬೇಕು. ಚೊಕ್ಕ ಟಾಯ್ಲೆಟ್ ಇರಬೇಕು. ರಾತ್ರಿ ಜ್ವರ ಬಂದರೆ ಡಾಕ್ಟರ್ ಹತ್ತಿರ ಇರಬೇಕು. ಖರ್ಚಿನ ವಿಷಯದಲ್ಲಿ ಒಂದು ಮಾತು: ಪ್ರವೇಶ ಟಿಕೆಟ್ಟಿಗೆ ಹೋಗುವ ದುಡ್ಡು ದೊಡ್ಡದೇನಲ್ಲ. ರೂಮು ಮತ್ತು ಅಲ್ಲಿ ತಿರುಗಾಡಲು ಬೇಕಾಗುವ ಗಾಡಿ, ಇವೆರಡೇ ಜೇಬು ಖಾಲಿ ಮಾಡುವುದು.

ಮೈಸೂರು

ಮೇಲಿನ ಮೂರು ಅಳತೆಗೂ ಸಲೀಸಾಗಿ ಒಗ್ಗುವ ಊರು ಇದು. ದೂರ ಸುಮಾರು 145 ಕಿ.ಮೀ. 2023ರಲ್ಲಿ ಹತ್ತು ಪಥದ ಹೆದ್ದಾರಿ ತೆರೆದ ಮೇಲೆ ಬೆಂಗಳೂರಿನ ಟ್ರಾಫಿಕ್ ದಾಟಿದರೆ ಎರಡು ಗಂಟೆಯೊಳಗೆ ಮೈಸೂರು. ಆದರೆ ಬೈಪಾಸ್ ಹತ್ತಿದರೆ ದಾರಿಯಲ್ಲಿ ಹೋಟೆಲ್ ಸಿಗುವುದಿಲ್ಲ. ಮದ್ದೂರು ವಡೆ ಬೇಕೆಂದರೂ, ಮಗುವಿಗೆ ಟಾಯ್ಲೆಟ್ ಬೇಕೆಂದರೂ ಕೆಳಗಿನ ರಸ್ತೆಗೆ ಇಳಿಯಬೇಕು. ಆದ್ದರಿಂದ ಚಿಕ್ಕ ಮಕ್ಕಳಿದ್ದರೆ ರೈಲೇ ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಇಡೀ ದಿನ ಒಂದಾದ ಮೇಲೊಂದು ರೈಲು ಇವೆ. ಎರಡೂವರೆ ಮೂರು ಗಂಟೆಯ ದಾರಿ. ಮಗು ಕಿಟಕಿಯ ಹತ್ತಿರ ನಿಂತು ಮಂಡ್ಯದ ಕಬ್ಬಿನ ಗದ್ದೆ ನೋಡುತ್ತದೆ, ಬೋಗಿಯಲ್ಲಿ ಓಡಾಡುತ್ತದೆ, ಟಾಯ್ಲೆಟ್ ಪಕ್ಕದಲ್ಲೇ ಇರುತ್ತದೆ.

ಮೃಗಾಲಯಕ್ಕೆ ಅರ್ಧ ದಿನ ಎತ್ತಿಡಿ. 1892ರಲ್ಲಿ ಶುರುವಾದದ್ದು. ಮರಗಳ ನೆರಳು ಚೆನ್ನಾಗಿದೆ, ದಾರಿ ಸಪಾಟಾಗಿದೆ. ನಾಲ್ಕು ಜಾಗದಲ್ಲಿ ತಳ್ಳುವ ಗಾಡಿ ಕೆಲಸಕ್ಕೆ ಬರುವುದು ಇಲ್ಲಿ ಮಾತ್ರ. ನಡೆಯಲಾಗದ ಅಜ್ಜ ಅಜ್ಜಿಗೆ ಬ್ಯಾಟರಿ ಗಾಡಿ ಸಿಗುತ್ತದೆ. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುವಾಗಲೇ ಒಳಗಿದ್ದರೆ ಪ್ರಾಣಿಗಳೂ ಚುರುಕಾಗಿರುತ್ತವೆ, ಮಕ್ಕಳೂ ಚುರುಕಾಗಿರುತ್ತಾರೆ. ಮಂಗಳವಾರ ರಜೆ. ಇದು ಗೊತ್ತಿಲ್ಲದೆ ಗೇಟಿನ ತನಕ ಹೋಗಿ ಅಳುವ ಮಗುವನ್ನು ಸಮಾಧಾನ ಮಾಡುವವರು ಪ್ರತಿ ವಾರ ಇರುತ್ತಾರೆ.

ಅರಮನೆಯ ಒಳಗೆ ಚಿಕ್ಕ ಮಕ್ಕಳಿಗೆ ಅಂಥ ಆಸಕ್ತಿ ಇರುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಜನರ ಸಾಲಿನಲ್ಲಿ ಮೆಲ್ಲಗೆ ಸರಿಯಬೇಕು. ಅವರ ಕಣ್ಣಿಗೆ ಬೀಳುವುದು ಮುಂದಿನವರ ಸೊಂಟ ಮಾತ್ರ. ಅದರ ಬದಲು ಭಾನುವಾರ ಅಥವಾ ಸರ್ಕಾರಿ ರಜೆಯ ದಿನ ಸಂಜೆ ಹೋಗಿ ಅಂಗಳದಲ್ಲಿ ಕೂರಿ. ಕತ್ತಲಾಗುತ್ತಾ ಅರಮನೆ ಬರೀ ನೆರಳಿನಂತೆ ಕಾಣುತ್ತಿರುತ್ತದೆ. ಏಳು ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹತ್ತುತ್ತವೆ. ಆಗ ಇಡೀ ಅಂಗಳದಿಂದ ಒಂದು ‘ಹೋ’ ಎದ್ದು ಬರುತ್ತದಲ್ಲ, ಎರಡು ವರ್ಷದ ಮಗುವೂ ಅದಕ್ಕೆ ದನಿ ಸೇರಿಸುತ್ತದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮಲಗುವ ಹೊತ್ತಿಗೆ ರೂಮಿನಲ್ಲಿರಬಹುದು.

ರೈಲು ನಿಲ್ದಾಣದ ಹತ್ತಿರ ರೈಲ್ವೆ ಮ್ಯೂಸಿಯಂ ಇದೆ. ಹಳೆಯ ಹಬೆ ಎಂಜಿನ್‌ಗಳು, ಮಹಾರಾಣಿಯವರ ಬೋಗಿ, ಮಕ್ಕಳ ಪುಟಾಣಿ ರೈಲು. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತರೆ ಬಂಡೆಯ ಮೇಲೆ ಬಾಯಿ ಕಳೆದು ಮಲಗಿದ ಮೊಸಳೆ ಹತ್ತಿರದಿಂದಲೇ ಕಾಣುತ್ತದೆ. ಕನ್ನಂಬಾಡಿ ಕಟ್ಟೆಯಿಂದ ಜಾಸ್ತಿ ನೀರು ಬಿಟ್ಟ ದಿನಗಳಲ್ಲಿ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೋಗಿ. ಬೃಂದಾವನದ ಕಾರಂಜಿಯನ್ನು ಮಾತ್ರ ನಾನಾದರೆ ಬಿಟ್ಟುಬಿಡುತ್ತೇನೆ. ಕತ್ತಲಾದ ಮೇಲೆ ನೂಕುನುಗ್ಗಲಿನಲ್ಲಿ ನಡೆದು, ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ವಾಪಸ್ ಬರುವ ಹೊತ್ತಿಗೆ ಮಕ್ಕಳು ಹಸಿದು ಸುಸ್ತಾಗಿರುತ್ತಾರೆ.

ಊಟ, ಡಾಕ್ಟರ್, ಮೆಡಿಕಲ್ ಶಾಪ್ ಯಾವುದಕ್ಕೂ ಚಿಂತೆಯಿಲ್ಲ. ಒಳಗೆ ಓಡಾಡಲು ಆಟೊ ಸಾಕು. ಮೈಸೂರಿನ ಒಂದೇ ಕೊರತೆ ಅಂದರೆ, ಎಂಟು ಒಂಬತ್ತು ವರ್ಷದ ಮಕ್ಕಳು ಶಾಲೆಯಿಂದಲೋ ನೆಂಟರ ಮದುವೆಗೋ ಆಗಲೇ ಹೋಗಿ ಬಂದಿರುತ್ತಾರೆ. ‘ಮತ್ತೆ ಮೈಸೂರಾ?’ ಎನ್ನುತ್ತಾರೆ.

ಇನ್ನು ದಸರಾ. ಜಂಬೂಸವಾರಿ ನೋಡಬೇಕಾದದ್ದೇ, ಅನುಮಾನವಿಲ್ಲ. ಆದರೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಿಸಿಲಲ್ಲಿ ಮೂರು ನಾಲ್ಕು ಗಂಟೆ ಕಾಯುವ ಕೆಲಸ ಅದು. ರೂಮಿನ ಬಾಡಿಗೆಯೂ ಆಗ ಏರಿರುತ್ತದೆ. ಐದು ವರ್ಷದೊಳಗಿನವರಿದ್ದರೆ ನವರಾತ್ರಿಯ ಮೊದಲ ಮೂರ್ನಾಲ್ಕು ದಿನಗಳಲ್ಲಿ, ವಾರದ ನಡುವೆ ಹೋಗಿ ದೀಪಾಲಂಕಾರ ನೋಡಿಕೊಂಡು ಬನ್ನಿ. ವಿಜಯದಶಮಿಯ ಆನೆಯನ್ನು ಟಿವಿಯಲ್ಲಿ ನೋಡಿದರಾಯಿತು.

ಹಂಪಿ

ಮಕ್ಕಳಿಗೆ ಹಂಪಿ ಬೇಡ, ಬರೀ ಕಲ್ಲು, ಬಿಸಿಲು ಎನ್ನುವವರು ಜಾಸ್ತಿ. ಬಿಸಿಲಿನ ಮಾತು ನಿಜ. ಕಲ್ಲಿನ ಮಾತನ್ನು ನಾನು ಒಪ್ಪುವುದಿಲ್ಲ. ಐದಾರು ವರ್ಷ ದಾಟಿದ ಮಕ್ಕಳಿಗೆ ಈ ನಾಲ್ಕರಲ್ಲಿ ಹಂಪಿಯಷ್ಟು ಹೊಂದುವ ಜಾಗ ಇನ್ನೊಂದಿಲ್ಲ.

ರಸ್ತೆಯಲ್ಲಿ ಸುಮಾರು 340 ಕಿ.ಮೀ. ತುಮಕೂರು, ಹಿರಿಯೂರು, ಚಿತ್ರದುರ್ಗದ ಮೇಲೆ ನೇರ ಹೆದ್ದಾರಿ, ತಿರುವುಗಳ ಕಾಟವಿಲ್ಲ. ಮಕ್ಕಳ ಜೊತೆ ಏಳೆಂಟು ಗಂಟೆ ಹಿಡಿಯಿರಿ. ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿಗೆ 12–13 ಕಿ.ಮೀ. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡವೆಂದರೆ ಟಿಕೆಟ್ಟೇ ಇಲ್ಲ. ಐದರಿಂದ ಹನ್ನೆರಡರೊಳಗಿನವರಿಗೆ ಬರ್ತ್ ಬೇಕೆಂದರೆ ಪೂರ್ತಿ ದರ.

ಮಧ್ಯಾಹ್ನದ ಲೆಕ್ಕ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಹೊಸಪೇಟೆಯಲ್ಲಿ ರೂಮು ಸುಲಭವಾಗಿ, ಕಡಿಮೆ ಬಾಡಿಗೆಗೆ ಸಿಗುತ್ತದೆ, ಆದರೆ ದಿನಕ್ಕೆ ಎರಡು ಸಲ ಹೋಗಿ ಬರುವುದು ಬೇಸರ. ಹೊಳೆಯ ಆಚೆ ಆನೆಗುಂದಿ, ಸಾಣಾಪುರದ ಕಡೆ ಗದ್ದೆಗಳ ನಡುವೆ ಚೆಂದದ ತಂಗುದಾಣಗಳಿವೆ, ಆದರೆ ಸುತ್ತು ಹಾಕಿ ಬರಬೇಕು. ಪುಟ್ಟ ಮಕ್ಕಳಿದ್ದರೆ ಕಮಲಾಪುರವೇ ಸರಿ. ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇರುವುದು ಅಲ್ಲೇ. ಕಮಲ ಮಹಲ್, ಆನೆ ಲಾಯ, ಮಹಾನವಮಿ ದಿಬ್ಬ ಎಲ್ಲವೂ ಹತ್ತು ಹದಿನೈದು ನಿಮಿಷದ ದಾರಿ. ಬೆಳಿಗ್ಗೆ ಏಳಕ್ಕೆ ಹೊರಟು ಹನ್ನೊಂದಕ್ಕೆ ವಾಪಸ್. ಊಟ, ನಿದ್ದೆ. ನಾಲ್ಕಕ್ಕೆ ಮತ್ತೆ ಹೊರಡುವುದು. ಈ ಶಿಸ್ತು ಇಟ್ಟುಕೊಂಡರೆ ಹಂಪಿ ಸುಖ. ‘ಒಂದೇ ದಿನದಲ್ಲಿ ಎಲ್ಲ ಮುಗಿಸೋಣ’ ಅಂದರೆ ನರಕ.

ಮಕ್ಕಳಿಗೆ ತೋರಿಸಲು ಏನಿದೆ? ವಿರೂಪಾಕ್ಷ ದೇವಸ್ಥಾನದಿಂದ ಶುರು ಮಾಡಿ. ಹಿಂದುಗಡೆ ಒಂದು ಕತ್ತಲೆ ಕೋಣೆ. ಅದರ ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು, ಎದುರಿನ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಸುಮಾರು ಐವತ್ತು ಮೀಟರ್ ಎತ್ತರದ ಗೋಪುರ ಅಂಗೈ ಅಗಲಿಸಿದರೆ ಮುಚ್ಚುವಷ್ಟಾಗಿರುತ್ತದೆ. ಮಕ್ಕಳಿಗೆ ಗೋಡೆಯ ಹತ್ತಿರ ಕೈ ಹಿಡಿಯಲು ಹೇಳಿ. ಗೋಪುರ ಅವರ ಕೈಯ ಮೇಲೆ ಬೀಳುತ್ತದೆ. ಏಳು ವರ್ಷದ ಮಗುವಿಗೆ ‘ಬೆಳಕು ನೇರ ಹೋಗುತ್ತೆ, ಮೇಲಿನದು ಕಿಂಡಿ ದಾಟಿ ಕೆಳಗೆ ಬೀಳುತ್ತೆ, ಕೆಳಗಿನದು ಮೇಲೆ’ ಅಂತ ಹೇಳಿದರೆ ಅರ್ಥವಾಗುತ್ತದೆ. ಚಿಕ್ಕವರಿಗೆ ಅರ್ಥವಾಗಬೇಕಿಲ್ಲ, ಮಾಯೆ ಸಾಕು. ಅದೇ ದೇವಸ್ಥಾನದಲ್ಲಿ ಲಕ್ಷ್ಮಿ ಎಂಬ ಆನೆಯಿದೆ. ಬೆಳಿಗ್ಗೆ ಅದು ತುಂಗಭದ್ರೆಯಲ್ಲಿ ಸ್ನಾನ ಮಾಡುವ ಹೊತ್ತಿಗೆ ಹೋದರೆ ಮಗಳ ಆನೆಯ ಆಸೆಯೂ ತೀರಿತು.

ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗುವಾಗ ಜೇಬಿನಲ್ಲಿ ಹೊಸ ಐವತ್ತು ರೂಪಾಯಿ ನೋಟಿರಲಿ. ಹಿಂಬದಿಯಲ್ಲಿ ಕಲ್ಲಿನ ರಥ ಇದೆ. ನೋಟು ಹಿಡಿದುಕೊಂಡು ‘ಇದೇನಾ ಅದು?’ ಅಂತ ಮಗು ತಾಳೆ ಹಾಕುತ್ತಾ ನಿಂತರೆ ನೀವು ಕಂಬಗಳ ಕೆತ್ತನೆಯನ್ನು ನೆಮ್ಮದಿಯಾಗಿ ನೋಡಬಹುದು. ವಾಹನ ನಿಲ್ಲಿಸುವ ಜಾಗದಿಂದ ಒಂದು ಕಿ.ಮೀ. ಒಳಗೆ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ರಜೆಯ ದಿನ ಅದಕ್ಕೂ ಉದ್ದ ಸಾಲು ಇರುತ್ತದೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಕ್ಷೇಮ. ಇಲ್ಲಿ ಕೊಳ್ಳುವ ಟಿಕೆಟ್ ಅದೇ ದಿನ ಕಮಲ ಮಹಲ್ ಆವರಣಕ್ಕೂ ನಡೆಯುತ್ತದೆ. ದೊಡ್ಡವರಿಗೆ 40 ರೂಪಾಯಿ, ಹದಿನೈದು ವರ್ಷದೊಳಗಿನವರಿಗೆ ಉಚಿತ.

ಆನೆ ಲಾಯದ ಮುಂದಿನ ಹುಲ್ಲುಹಾಸು ಓಡಾಡಲು ಹೇಳಿ ಮಾಡಿಸಿದ ಹಾಗಿದೆ. ಹನ್ನೊಂದು ಕೋಣೆ, ಒಂದೊಂದರಲ್ಲೂ ಒಂದೊಂದು ಆನೆ ನಿಂತಿತ್ತು ಅಂತ ಕಥೆ ಹೇಳಿದರೆ ಹನ್ನೊಂದರೊಳಗೂ ಹೋಗಿ ಕೂಗಿ ನೋಡಿಯೇ ಬರುತ್ತಾರೆ. ಹಜಾರ ರಾಮ ದೇವಸ್ಥಾನದ ಗೋಡೆಯಲ್ಲಿ ರಾಮಾಯಣ ಸಾಲುಸಾಲಾಗಿದೆ. ಕಥೆ ಗೊತ್ತಿರುವ ಮಕ್ಕಳು ತಾವೇ ಹುಡುಕುತ್ತಾರೆ. ಮಹಾನವಮಿ ದಿಬ್ಬದ ಮೇಲೆ ಮಾತ್ರ ತಡೆಗೋಡೆ ಇಲ್ಲ. ಕೈ ಬಿಡಬೇಡಿ. ಸಂಜೆಗೆ ಬೇರೆ ಏನಾದರೂ ಬೇಕು ಅಂದರೆ ದರೋಜಿ ಕರಡಿ ಧಾಮ. ವೀಕ್ಷಣಾ ಗೋಪುರದ ಮೇಲೆ ಸದ್ದಿಲ್ಲದೆ ಕೂತರೆ ಎದುರಿನ ಬಂಡೆಗೆ ಕರಡಿಗಳು ಇಳಿದು ಬರುತ್ತವೆ. ಸುಮ್ಮನಿರಲು ಗೊತ್ತಿರುವ ವಯಸ್ಸಿನವರಿಗೆ ಮಾತ್ರ ಅದು.

ಎರಡು ವರ್ಷದ ಮಗುವಿಗೆ? ಹಂಪಿ ಬೇಡ. ಅದಕ್ಕೆ ರಥವೂ ಒಂದೇ, ರಸ್ತೆ ಬದಿಯ ನಾಯಿಮರಿಯೂ ಒಂದೇ. ಬಿಸಿಲಿಗೆ ಬೆಂದು ಹೋಗುವುದು ಮಾತ್ರ ಉಳಿಯುತ್ತದೆ. ಮಾರ್ಚ್‌ನಿಂದ ಮೇ ತನಕ ಯಾವ ವಯಸ್ಸಿನ ಮಕ್ಕಳನ್ನೂ ಕರೆದುಕೊಂಡು ಹೋಗಬೇಡಿ. ನವೆಂಬರ್‌ನಿಂದ ಫೆಬ್ರವರಿ ಹಂಪಿಯ ಕಾಲ.

ಕೊಡಗು

ಕೊಡಗಿಗೆ ಹೋಗುವುದು ಎರಡು ಥರ. ನೋಡಲು ಹೋಗುವುದು ಒಂದು, ಇರಲು ಹೋಗುವುದು ಇನ್ನೊಂದು. ಪುಟ್ಟ ಮಕ್ಕಳಿರುವವರು ಎರಡನೆಯದನ್ನು ಮಾಡಬೇಕು. ಹೆಚ್ಚಿನವರು ಮೊದಲನೆಯದನ್ನು ಮಾಡಿ ಸುಸ್ತಾಗಿ ಬರುತ್ತಾರೆ.

ಅಬ್ಬಿ ಜಲಪಾತ, ರಾಜಾಸೀಟ್, ತಲಕಾವೇರಿ, ಮಾಂದಲ್‌ಪಟ್ಟಿ ಅಂತ ಪಟ್ಟಿ ಹಿಡಿದು ಹೊರಟರೆ ದಿನವಿಡೀ ತಿರುವು ರಸ್ತೆಯಲ್ಲೇ ಇರುತ್ತೀರಿ. ಅಬ್ಬಿಗೆ ಇಳಿಯುವಾಗ ಸುಲಭ, ಹತ್ತುವಾಗ ಮಗು ನಿಮ್ಮ ಸೊಂಟದ ಮೇಲೆ. ಮಾಂದಲ್‌ಪಟ್ಟಿಯ ಜೀಪಿನ ಕುಲುಕಾಟ ಕೂಸುಗಳಿಗೆ ಆಗುವುದೇ ಇಲ್ಲ. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿ.ಮೀ., ಆರು ಗಂಟೆಯ ಮೇಲೆ. ಕೊಡಗಿಗೆ ರೈಲು ಇಲ್ಲ. ಮೈಸೂರಿನ ತನಕ ರೈಲು, ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ. ಒಳಗೆ ತಿರುಗಾಡಲಂತೂ ಸ್ವಂತ ಗಾಡಿ ಅಥವಾ ಬಾಡಿಗೆ ಕಾರು ಇಲ್ಲದೆ ಆಗುವುದಿಲ್ಲ. ಖರ್ಚು ಏರುವುದು ಇಲ್ಲೇ.

ಇದಕ್ಕೊಂದು ಉಪಾಯವಿದೆ. ಮಡಿಕೇರಿಯ ಬದಲು ಕುಶಾಲನಗರದ ಆಸುಪಾಸಿನಲ್ಲಿ ಉಳಿಯಿರಿ. ತಿರುವುಗಳು ಜೋರಾಗುವುದು ಅದರಾಚೆ. ಕಾವೇರಿ ನಿಸರ್ಗಧಾಮ ಪಕ್ಕದಲ್ಲೇ ಇದೆ: ಹೊಳೆಯ ಮೇಲೆ ತೂಗುಸೇತುವೆ, ಬಿದಿರಿನ ಮೆಳೆ, ಜಿಂಕೆಗಳು. ಬೈಲಕುಪ್ಪೆಯ ಟಿಬೆಟನ್ ಮಠ ಐದಾರು ಕಿ.ಮೀ. ಅಲ್ಲಿನ ಚಿನ್ನದ ಬಣ್ಣದ ಎತ್ತರದ ಬುದ್ಧನ ಮುಂದೆ ಗಲಾಟೆ ಮಕ್ಕಳೂ ಒಂದು ನಿಮಿಷ ತಣ್ಣಗಾಗುತ್ತಾರೆ. ದುಬಾರೆ ಆನೆ ಶಿಬಿರಕ್ಕೆ ಅರ್ಧ ಗಂಟೆ. ದೋಣಿಯಲ್ಲಿ ಕಾವೇರಿ ದಾಟಿ ಹೋಗಿ, ಆನೆಗಳಿಗೆ ಮೈ ಉಜ್ಜುವುದನ್ನು ಬೆಳಗಿನ ಹೊತ್ತು ನೋಡಬಹುದು. ನೀರು ಏರಿದ್ದರೆ ದೋಣಿ ಇರುವುದಿಲ್ಲ. ಆನೆಯ ಹತ್ತಿರ ಚಿಕ್ಕವರನ್ನು ಬಿಡಬೇಡಿ, ದೂರದಿಂದ ನೋಡಿದರೂ ಅಷ್ಟೇ ಖುಷಿ.

ಇರಲು ಹೋಗುವುದಾದರೆ ಕಾಫಿ ತೋಟದ ಹೋಂಸ್ಟೇ. ಅಂಗಳದಲ್ಲಿ ಕೋಳಿ, ನಾಯಿ, ಕೆರೆ, ಮಣ್ಣು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಇದಕ್ಕಿಂತ ಬೇರೆ ಸೈಟ್‌ಸೀಯಿಂಗ್ ಬೇಕಿಲ್ಲ. ಊಟ ಸೇರಿ ತಲೆಗಿಷ್ಟು ಅಂತ ದರ ಹೇಳುತ್ತಾರೆ. ಬುಕ್ ಮಾಡುವಾಗ ನಾಲ್ಕು ವಿಷಯ ಬಾಯಿಬಿಟ್ಟು ಕೇಳಿ. ಮಕ್ಕಳಿಗೆ ಎಷ್ಟು ಹಿಡಿಯುತ್ತೀರಿ, ಮಗುವಿಗೆ ಖಾರ ಇಲ್ಲದ ಅನ್ನ ಸಾರು ಮಾಡಿಕೊಡುತ್ತೀರಾ, ಕೆರೆಗೋ ಈಜುಕೊಳಕ್ಕೋ ಬೇಲಿ ಇದೆಯಾ, ಮುಖ್ಯ ರಸ್ತೆಯಿಂದ ಒಳಗೆ ಎಷ್ಟು ದೂರ ಹೋಗಬೇಕು. ಕೊನೆಯ ಪ್ರಶ್ನೆ ಮುಖ್ಯ. ರಾತ್ರಿ ಮಗುವಿಗೆ ಹುಷಾರಿಲ್ಲದಾದರೆ ಆ ದಾರಿಯಲ್ಲಿ ಕಾರು ಓಡಿಸಬೇಕಾದವರು ನೀವು.

ಜೂನ್‌ನಿಂದ ಸೆಪ್ಟೆಂಬರ್ ಬೇಡ. ಮಳೆ, ಜಿಗಣೆ, ದಾರಿ ಕುಸಿಯುವ ಭಯ. ಏಪ್ರಿಲ್ ಮೇ ರಜೆಗೆ ಈ ನಾಲ್ಕರಲ್ಲಿ ತಂಪಾಗಿರುವುದು ಕೊಡಗು ಮಾತ್ರ.

ಉಡುಪಿ ಕಡೆಯ ಕರಾವಳಿ

ಮಕ್ಕಳನ್ನು ನಾಲ್ಕು ಗಂಟೆ ಆಡಿಸಲು ಒಂದು ಬಕೆಟ್ಟು, ಒಂದು ಸಲಿಕೆ ಸಾಕಾಗುವ ಜಾಗ ಇದೊಂದೇ. ದುಡ್ಡು ಕೊಡಬೇಕಿಲ್ಲ, ಸಾಲು ನಿಲ್ಲಬೇಕಿಲ್ಲ, ಇತಿಹಾಸ ವಿವರಿಸಬೇಕಿಲ್ಲ. ಎರಡು ವರ್ಷದವನೂ ಒಂಬತ್ತು ವರ್ಷದವಳೂ ಒಂದೇ ಗುಂಡಿಯಲ್ಲಿ ಆಡುತ್ತಾರೆ. ವಯಸ್ಸಿನ ಅಂತರ ಜಾಸ್ತಿ ಇರುವ ಮಕ್ಕಳ ಮನೆಗೆ ಇದು ದೊಡ್ಡ ವರ.

ತೊಂದರೆ ದೂರದ್ದು. ಸುಮಾರು 400 ಕಿ.ಮೀ., ನಡುವೆ ಘಟ್ಟ. ಹಗಲು ಕಾರಿನಲ್ಲಿ ಶಿರಾಡಿ ಇಳಿಯುವುದು ಎಂದರೆ ಇಡೀ ದಿನ ಹೋದ ಹಾಗೆ. ರಾತ್ರಿಯ ರೈಲು ಅದಕ್ಕೆ ಮದ್ದು. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಬೆಳಗಾಗುವಷ್ಟರಲ್ಲಿ ಉಡುಪಿಯಲ್ಲಿರುತ್ತದೆ. ವಾರದ ಕೆಲವು ದಿನ ಹಗಲು ರೈಲಿಗೆ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಹಾಕುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ತನಕ ಸುರಂಗ, ಸೇತುವೆ, ಕಣಿವೆ. ಆರು ವರ್ಷ ದಾಟಿದವರಿಗೆ ಪ್ರಯಾಣವೇ ಪ್ರವಾಸವಾಗುತ್ತದೆ. ಟಿಕೆಟ್ ದುಬಾರಿ. ವಿಮಾನದಲ್ಲಿ ಮಂಗಳೂರಿಗೆ ಒಂದು ಗಂಟೆ, ಆಮೇಲೆ ಉಡುಪಿಗೆ ಸುಮಾರು 60 ಕಿ.ಮೀ. ಟ್ಯಾಕ್ಸಿ. ಅಜ್ಜ ಅಜ್ಜಿ ಜೊತೆಗಿದ್ದು ದುಡ್ಡಿನ ಚಿಂತೆ ಇಲ್ಲದಿದ್ದರೆ ಯೋಚಿಸಬಹುದು.

ಉಳಿಯುವುದು ಮಲ್ಪೆಯ ಹತ್ತಿರ. ಕಡಲು ನಡೆದು ಹೋಗುವಷ್ಟು ಹತ್ತಿರ ಇದ್ದರೆ ಮಧ್ಯಾಹ್ನದ ಲೆಕ್ಕ ತಾನೇ ಸರಿಹೋಗುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವ ತನಕ ಮರಳು. ನಡುವೆ ರೂಮು. ಉಡುಪಿ ಪೇಟೆ ಆರು ಕಿ.ಮೀ. ಒಳಗೇ ಇದೆ. ಮಣಿಪಾಲದ ದೊಡ್ಡ ಆಸ್ಪತ್ರೆಯೂ ಹತ್ತಿರ. ಊಟದ ಬಗ್ಗೆ ಹೇಳುವುದೇ ಬೇಡ. ನೀರುದೋಸೆ ತಿನ್ನದ ಮಗು ನಾನು ಕಂಡಿಲ್ಲ, ಗಡ್‌ಬಡ್ ಐಸ್‌ಕ್ರೀಮ್ ಬೇಡ ಎನ್ನುವ ಮಗುವನ್ನಂತೂ ಇಲ್ಲವೇ ಇಲ್ಲ.

ಕೃಷ್ಣಮಠದಲ್ಲಿ ಮಕ್ಕಳಿಗೆ ಕನಕನ ಕಿಂಡಿಯ ಕಥೆ ಹೇಳಿ ಆಮೇಲೆ ಒಳಗೆ ಕರೆದುಕೊಂಡು ಹೋಗಿ. ದೇವರನ್ನು ಒಂಬತ್ತು ತೂತಿನ ಕಿಂಡಿಯಿಂದ ಇಣುಕಿ ನೋಡುವುದು ಅವರಿಗೆ ಆಟದಂತೆಯೇ. ಕಾಪುವಿನ ದೀಪಸ್ತಂಭ, ಸೇಂಟ್ ಮೇರೀಸ್ ದ್ವೀಪದ ಆರು ಮೂಲೆಯ ಕಲ್ಲುಕಂಬಗಳು ದೊಡ್ಡ ಮಕ್ಕಳಿಗೆ. ದ್ವೀಪದಲ್ಲಿ ಬಂಡೆಗಳ ಹತ್ತಿರ ನೀರಿಗಿಳಿಯುವುದು ಅಪಾಯ. ಮಳೆಗಾಲದಲ್ಲಿ ದೋಣಿ ನಿಂತಿರುತ್ತದೆ. ಇನ್ನೊಂದು ದಿನ ಇದ್ದರೆ ಮುರ್ಡೇಶ್ವರಕ್ಕೆ ಹೋಗಿ ಬನ್ನಿ, ನೂರು ಕಿ.ಮೀ. ಹೆದ್ದಾರಿ. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಮುರ್ಡೇಶ್ವರದಲ್ಲಿ 123 ಅಡಿಯ ಶಿವ, ಮತ್ತೆ ಲಿಫ್ಟ್ ಇರುವ ಗೋಪುರ. ಮಕ್ಕಳು ಶಿವನಿಗಿಂತ ಲಿಫ್ಟ್ ನೆನಪಿಟ್ಟುಕೊಂಡರೆ ಬೇಸರ ಮಾಡಿಕೊಳ್ಳಬೇಡಿ.

ಕಡಲಿಗೆ ಒಂದೇ ನಿಯಮ. ಮಗು ನೀರಿನ ಹತ್ತಿರ ಇರುವ ತನಕ ಒಬ್ಬ ದೊಡ್ಡವರ ಕೈಯಲ್ಲಿ ಮೊಬೈಲ್ ಇರಬಾರದು. ಗಂಡನೋ ಹೆಂಡತಿಯೋ ಅಂತ ಪಾಳಿ ಹಾಕಿಕೊಳ್ಳಿ. ‘ಎಲ್ಲರೂ ನೋಡ್ತಿದ್ದಾರಲ್ಲ’ ಅಂದುಕೊಂಡಾಗ ಯಾರೂ ನೋಡುತ್ತಿರುವುದಿಲ್ಲ. ಕಾವಲು ಸಿಬ್ಬಂದಿ ಬೇಡ ಎಂದ ಕಡೆ ಇಳಿಯಲೇಬೇಡಿ. ಸೆಕೆ ಮಾತ್ರ ಇದ್ದದ್ದೇ. ಕೂಸುಗಳಿಗೆ ಬೆವರುಸಾಲೆ ಏಳುತ್ತದೆ. ಎಸಿ ರೂಮಿಗೆ ಕೊಡುವ ಹೆಚ್ಚಿನ ದುಡ್ಡು ಇಲ್ಲಿ ದಂಡವಲ್ಲ.

ಹಾಗಾದರೆ ಯಾರು ಎಲ್ಲಿಗೆ?

ಮಗು ಮೂರರೊಳಗೆ, ಎರಡೇ ರಾತ್ರಿ, ಸ್ವಂತ ಕಾರಿಲ್ಲ: ಮೈಸೂರು. ಬೇರೆ ಯೋಚನೆಯೇ ಬೇಡ. ಖರ್ಚು ಇನ್ನೂ ಇಳಿಸಬೇಕೆಂದರೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಅಮ್ಮ, ಅಜ್ಜಿ, ಮಗಳಿಗೆ ಟಿಕೆಟ್ ದುಡ್ಡಿಲ್ಲ. ಐರಾವತ, ರಾಜಹಂಸದಂಥ ಬಸ್ಸುಗಳಿಗೆ ಅದು ನಡೆಯುವುದಿಲ್ಲ. ಆದರೆ ರಜೆಯ ಗುಂಪಿನಲ್ಲಿ ಕೂಸನ್ನು ಎತ್ತಿಕೊಂಡು ಸೀಟಿಗೆ ಪರದಾಡುವುದಕ್ಕಿಂತ ರೈಲಿಗೆ ಸ್ವಲ್ಪ ದುಡ್ಡು ಹಾಕುವುದು ಮೇಲು.

ದೊಡ್ಡವಳಿಗೆ ಏಳು, ಚಿಕ್ಕವನಿಗೆ ಎರಡು, ನಾಲ್ಕು ರಾತ್ರಿ ಇದೆ: ಕಡಲು. ಇಬ್ಬರಿಗೂ ಸಲ್ಲುವುದು ಅದೊಂದೇ. ಇಬ್ಬರೂ ಆರು ದಾಟಿದ್ದು, ಡಿಸೆಂಬರ್ ರಜೆ: ಹಂಪಿ. ಆದರೆ ಕ್ರಿಸ್ಮಸ್‌ನಿಂದ ಹೊಸವರ್ಷದ ತನಕದ ವಾರ ಬಿಟ್ಟು. ಆ ವಾರ ಕಮಲಾಪುರದಲ್ಲಿ ರೂಮು ಸಿಗುವುದೇ ಕಷ್ಟ. ಅಪ್ಪ ಅಮ್ಮ ಇಬ್ಬರೂ ಕೆಲಸ ಮಾಡಿ ಬೇಸತ್ತಿದ್ದಾರೆ, ಏನನ್ನೂ ನೋಡದಿದ್ದರೂ ಪರವಾಗಿಲ್ಲ, ಕಾರಿದೆ: ಕೊಡಗು, ಒಂದೇ ಹೋಂಸ್ಟೇ, ಮೂರು ರಾತ್ರಿ. ವಾಂತಿ ಮಾಡುವ ಮಗುವಾದರೆ ಹೊರಡುವ ಮೊದಲೇ ಮಕ್ಕಳ ಡಾಕ್ಟರನ್ನು ಕೇಳಿ ಔಷಧಿ ತಂದಿಟ್ಟುಕೊಳ್ಳಿ. ಹೊಟ್ಟೆ ತುಂಬ ಹಾಲು ಕುಡಿಸಿ ಘಟ್ಟ ಹತ್ತಬೇಡಿ.

ಹುಬ್ಬಳ್ಳಿ ಧಾರವಾಡದವರಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಹೊಸಪೇಟೆ ಮೂರು ಗಂಟೆಯ ದಾರಿ. ಆದ್ದರಿಂದ ಹಂಪಿಯೇ ಅವರ ಹತ್ತಿರದ ಊರು, ಮೈಸೂರು ದೂರದ್ದು. ಕಡಲು ಬೇಕೆಂದರೆ ಉಡುಪಿಯ ತನಕ ಯಾಕೆ, ಕಾರವಾರ, ಗೋಕರ್ಣ ಇವೆ. ಮಂಗಳೂರಿನವರಿಗೆ ಕಡಲು ಹೊಸದಲ್ಲ. ಅವರ ಮಕ್ಕಳಿಗೆ ಮೈಸೂರಿನ ಜಿರಾಫೆಯೇ ದೊಡ್ಡ ಸಂಗತಿ.

‘ಮೈಸೂರು ಮತ್ತು ಕೊಡಗು ಎರಡನ್ನೂ ಒಟ್ಟಿಗೆ ಮಾಡೋಣವಾ?’ ಎಂದು ಕೇಳುವವರು ತುಂಬ. ನಾಲ್ಕು ರಾತ್ರಿ ಇದ್ದರೆ ಮಾಡಬಹುದು: ಮೈಸೂರಿನಲ್ಲಿ ಎರಡು, ಕುಶಾಲನಗರದಲ್ಲಿ ಎರಡು. ಮೂರೇ ರಾತ್ರಿ ಇದ್ದರೆ ಒಂದನ್ನು ಬಿಡಿ. ಒಂದೊಂದು ಸಲ ಬ್ಯಾಗ್ ಕಟ್ಟಿ ರೂಮು ಬದಲಾಯಿಸಿದಾಗಲೂ ಮಕ್ಕಳಿರುವ ಮನೆಗೆ ಅರ್ಧ ದಿನ ಹೋಗುತ್ತದೆ. ಡೈಪರ್ ಒಂದು ಕಡೆ, ರಾಗಿ ಸರಿಯ ಡಬ್ಬ ಇನ್ನೊಂದು ಕಡೆ, ಮಗು ಬಿಟ್ಟಿರಲಾರದ ಗೊಂಬೆ ಹಿಂದಿನ ಹೋಟೆಲಿನ ಮಂಚದ ಕೆಳಗೆ.

ಜಾಗ ತೀರ್ಮಾನವಾದ ಕೂಡಲೇ ಟಿಕೆಟ್ ನೋಡಿ. ರೈಲಿನ ಬುಕಿಂಗ್ ತೆರೆಯುವುದು 60 ದಿನ ಮುಂಚೆ. ದಸರಾ, ದೀಪಾವಳಿಯ ಹಂಪಿ ಎಕ್ಸ್‌ಪ್ರೆಸ್ ಮತ್ತು ಪಂಚಗಂಗಾದ ಟಿಕೆಟ್ ಬೇಗ ಖಾಲಿಯಾಗುತ್ತವೆ. ಕೆಳಗಿನ ಬರ್ತ್ ಬೇಕು ಅಂತ ಮರೆಯದೆ ಕೇಳಿ. ಸಿಗದಿದ್ದರೆ ಹೋಗುವ ತಾರೀಖನ್ನು ಶುಕ್ರವಾರದಿಂದ ಬುಧವಾರಕ್ಕೆ ಸರಿಸಿ ನೋಡಿ. ಶಾಲೆಗೆ ಹೇಗೂ ರಜೆ, ಆಫೀಸಿಗೆ ಮಾತ್ರ ಎರಡು ದಿನ ಜಾಸ್ತಿ ರಜೆ ಕೇಳಬೇಕಾಗುತ್ತದೆ.